ಚುಟ್ಟದ ಪೆಟ್ಟಿಗೆಯ ಬಾಯಾರಿಕೆ

ಮಳೆಗಾಲದಲ್ಲಿ ಮರದ ಬಾಗಿಲು ಚೌಕಟ್ಟಿಗೆ ಬಿಗಿದುಕೊಳ್ಳುವುದನ್ನೂ ಬೇಸಗೆಯಲ್ಲಿ ಅದೇ ಬಾಗಿಲು ಸಲೀಸಾಗಿ ತೆರೆಯುವುದನ್ನೂ ನಾವೆಲ್ಲರೂ ಕಂಡಿದ್ದೇವೆ. ಮರವು ಗಾಳಿಯಿಂದ ತೇವವನ್ನು ಹೀರಿ ಹಿಗ್ಗುತ್ತದೆ. ಒಣಹವೆಯಲ್ಲಿ ಅದನ್ನು ಬಿಟ್ಟುಕೊಟ್ಟು ಕುಗ್ಗುತ್ತದೆ. ಮನೆಯವರಿಗೆ ಕಿರುಕುಳವಾಗಿ ತೋರುವ ಈ ಗುಣವನ್ನೇ ಆಧರಿಸಿ ನಿರ್ಮಿಸಿದ ಸಾಧನವೊಂದುಂಟು. ಅದೇ ಸಿಗಾರುಗಳನ್ನು ಕಾಪಿಡುವ ‘ಹ್ಯೂಮಿಡಾರ್’ ಎಂಬ ಪೆಟ್ಟಿಗೆ. ಹೊಗೆಸೊಪ್ಪು ಆರೋಗ್ಯಕ್ಕೆ ಮಾರಕವೆಂಬುದು ನಿರ್ವಿವಾದ. ಪೆಟ್ಟಿಗೆ ಎಷ್ಟೇ ಉತ್ತಮವಾಗಿದ್ದರೂ ಆ ದೋಷವು ಕಡಮೆಯಾಗದು. ಆದರೆ ಅದರಲ್ಲಿ ಅಡಗಿರುವ ಭೌತವಿಜ್ಞಾನವು ವೀಣೆಯನ್ನೋ ಹಳೆಯ ಗ್ರಂಥಗಳನ್ನೋ ರಕ್ಷಿಸಬೇಕಾದವರಿಗೂ ಉಪಯುಕ್ತವಾದುದು.

ಸಿಗಾರು ಎಂದರೆ ಎಲೆಯ ಮೇಲೆ ಎಲೆ ಸುತ್ತಿ ಮಾಡಿದ ದಪ್ಪ ಚುಟ್ಟ. ಅದಕ್ಕೆ ಹೆಸರಾದ ಕ್ಯೂಬಾ ದ್ವೀಪದ ಹವೆಯು ಆರ್ದ್ರವಾದುದು. ಅಲ್ಲಿಂದ ಲಂಡನ್ನಿನ ಚಳಿಗಾಲಕ್ಕೆ ಬಂದ ಸಿಗಾರಿನ ಗತಿಯೇನು? ಹೊರಗಿನ 0 ಡಿಗ್ರಿಯ ಗಾಳಿಯನ್ನು ಕೋಣೆಯೊಳಗೆ 20 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿದರೆ, ಅದು ಮೊದಲು ನೀರಾವಿಯಿಂದ ಸಂತೃಪ್ತವಾಗಿದ್ದರೂ, ಅದರ ಸಾಪೇಕ್ಷ ಆರ್ದ್ರತೆಯು ಶೇಕಡಾ 30ಕ್ಕೂ ಕೆಳಗಿಳಿಯುತ್ತದೆ. ಆಗ ಹೊರಸುತ್ತಿನ ಎಲೆ ಬಿರಿಯುತ್ತದೆ, ಪರಿಮಳದ ತೈಲಗಳು ಆರಿಹೋಗುತ್ತವೆ. ತೇವವು ಮಿತಿಮೀರಿದರೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಶೇಕಡಾ 65ರಿಂದ 72ರವರೆಗಿನ ಆರ್ದ್ರತೆಯನ್ನು ಕಾಯ್ದುಕೊಳ್ಳುವುದು ರೂಢಿ.

ಸಾಪೇಕ್ಷ ಆರ್ದ್ರತೆ ಎಂದರೇನು? 20 ಡಿಗ್ರಿಯಲ್ಲಿ 1 ಘನಮೀಟರು ಸ್ಥಳವು ಹೆಚ್ಚೆಂದರೆ 17.3 ಗ್ರಾಂ ನೀರಾವಿಯನ್ನು ಹೊಂದಿರಬಲ್ಲುದು. 30 ಡಿಗ್ರಿಯಲ್ಲಿ ಈ ಮಿತಿಯು 30.4 ಗ್ರಾಮಿಗೆ ಏರುತ್ತದೆ. ಈ ಮಿತಿಯ ಎಷ್ಟು ಭಾಗ ತುಂಬಿದೆ ಎಂಬುದನ್ನು ಶೇಕಡಾವಾರು ಹೇಳುವುದೇ ಸಾಪೇಕ್ಷ ಆರ್ದ್ರತೆ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಪೆಟ್ಟಿಗೆಯ ಒಳಗಾತ್ರ 20 ಲೀಟರು ಎಂದಿಟ್ಟುಕೊಳ್ಳಿ. 20 ಡಿಗ್ರಿಯಲ್ಲಿ ಅದರೊಳಗಿನ ಆರ್ದ್ರತೆ ಶೇಕಡಾ 70 ಆಗಲು ಬೇಕಾದ ನೀರಾವಿ ಸುಮಾರು ಕಾಲು ಗ್ರಾಂ ಮಾತ್ರ. ಎಂದರೆ ಐದಾರು ಹನಿ ನೀರು! ಆದರೆ ಪೆಟ್ಟಿಗೆಯ ಒಳಗೋಡೆಯ ಮರವನ್ನು ಮರೆಯಬಾರದು. ಮರದ ಸೆಲ್ಯುಲೋಸಿನಲ್ಲಿರುವ ಹೈಡ್ರಾಕ್ಸಿಲ್ ಗುಂಪುಗಳು ನೀರಿನ ಅಣುಗಳನ್ನು ಸೆಳೆದು ಹಿಡಿದುಕೊಳ್ಳುತ್ತವೆ. ಶೇಕಡಾ 40 ಆರ್ದ್ರತೆಯಲ್ಲಿ ಮರವು ತನ್ನ ಒಣತೂಕದ ಸುಮಾರು 8 ಪಾಲು, ಶೇಕಡಾ 70ರಲ್ಲಿ ಸುಮಾರು 13 ಪಾಲು ನೀರನ್ನು ಹೊಂದಿರುತ್ತದೆ. ಇವೂ ನೂರಕ್ಕೆ ಇಷ್ಟೆಂಬ ಪಾಲುಗಳು. ಒಳಗಿನ ಮರ 2 ಕಿಲೋಗ್ರಾಂ ಇದ್ದರೆ ಅದು 100 ಗ್ರಾಂ ನೀರನ್ನು ಬೇಡುತ್ತದೆ. ಗಾಳಿಯ ಅವಶ್ಯಕತೆಗಿಂತ ಇದು 400 ಮಡಿ ಹೆಚ್ಚು! ಹೊಸ ಪೆಟ್ಟಿಗೆಯಲ್ಲಿ ನೇರವಾಗಿ ಸಿಗಾರುಗಳನ್ನಿಟ್ಟರೆ ಬಾಯಾರಿದ ಮರವು ಅವುಗಳ ತೇವವನ್ನೇ ಹೀರಿಬಿಡುವುದು ಇದರಿಂದಲೇ.

ಆದುದರಿಂದ ಮೊದಲು ಪೆಟ್ಟಿಗೆಯನ್ನು ‘ಹದ’ ಮಾಡಬೇಕು. ಒದ್ದೆಬಟ್ಟೆಯಿಂದ ಒರೆಸುವ ಪದ್ಧತಿಯೊಂದುಂಟು. ಆದರೆ ಆಗ ಹೊರಪದರ ಮಾತ್ರ ಹಿಗ್ಗಿ, ಒಳಪದರ ಒಣಗಿಯೇ ಇದ್ದು, ಹಲಗೆ ಸೊಟ್ಟಗಾಗುವ ಸಂಭವವಿದೆ. ಬಟ್ಟಲೊಂದರಲ್ಲಿ ಆಸವಿತ ಜಲವನ್ನಿಟ್ಟು ಮುಚ್ಚಳ ಮುಚ್ಚುವುದೇ ಲೇಸು. ಮರದೊಳಗೆ ನೀರಿನ ವಿಸರಣೆಯು ನಿಧಾನವಾದುದರಿಂದ ಒಂದೆರಡು ವಾರ ತಾಳ್ಮೆ ಬೇಕು. ಬಟ್ಟಲನ್ನು ತೆಗೆದ ಮೇಲೂ ಆರ್ದ್ರತೆಯು ಒಂದೆರಡು ದಿನ 70ರ ಆಸುಪಾಸಿನಲ್ಲಿ ನಿಂತರೆ ಮರ ತಣಿದಿದೆಯೆಂದು ತಿಳಿಯಬಹುದು. ಮುಂದೆ ತೇವ ಒದಗಿಸುವ ಸ್ಪಂಜಿಗೂ ಆಸವಿತ ಜಲವನ್ನೇ ಬಳಸುತ್ತಾರೆ. ನಲ್ಲಿಯ ನೀರು ಆವಿಯಾದಾಗ ಉಳಿಯುವ ಲವಣಗಳು ಸ್ಪಂಜಿನ ರಂಧ್ರಗಳನ್ನು ಮುಚ್ಚುತ್ತವೆ.

ಆರ್ದ್ರತೆಯನ್ನು ಅಳೆಯುವ ಮಾಪಕವನ್ನು ನಂಬುವುದು ಹೇಗೆ? ಜಿನೀವಾದ ಸೊಸ್ಯೂರ್ ಎಂಬ ವಿಜ್ಞಾನಿ 1783ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ತೇವದಲ್ಲಿ ಉದ್ದವಾಗುವ ಮಾನವಕೇಶದಿಂದ ಮಾಡಿದ ಮಾಪಕವನ್ನು ವರ್ಣಿಸಿದನು. ಯಾವ ಬಗೆಯ ಮಾಪಕವಾದರೂ ಅದನ್ನು ಪರೀಕ್ಷಿಸಲು ಅಡಿಗೆಯ ಉಪ್ಪು ಸಾಕು. ಸೀಸೆಯ ಬಿರಡೆಯಷ್ಟು ಉಪ್ಪಿಗೆ ಕೆಲವು ತೊಟ್ಟು ನೀರು ಬೆರೆಸಿ, ಒದ್ದೆ ಮರಳಿನಂತೆ ಮಾಡಿ, ಮಾಪಕದೊಡನೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ದಿನ ಇಡಿ. ಸಂತೃಪ್ತ ಉಪ್ಪಿನ ದ್ರಾವಣದ ಮೇಲಿನ ಗಾಳಿಯು ಶೇಕಡಾ 75 ಆರ್ದ್ರತೆಯಲ್ಲಿ ಸಮತೋಲಕ್ಕೆ ಬರುತ್ತದೆ. ಗಾಳಿಯ ತೇವ ಹೆಚ್ಚಿದರೆ ದ್ರಾವಣವು ಅದನ್ನು ಹೀರುತ್ತದೆ. ಆಗ ಮಿಕ್ಕ ಉಪ್ಪು ಕರಗಿ ದ್ರಾವಣದ ಸಾರವು ಬದಲಾಗದಂತೆ ನೋಡಿಕೊಳ್ಳುತ್ತದೆ. ಮುಳ್ಳು 72 ತೋರಿಸಿದರೆ 3 ಕೂಡಿಸಿಕೊಳ್ಳಬೇಕೆಂದು ಅರ್ಥ. ಈ ಪ್ರಯೋಗವನ್ನು ವಿದ್ಯಾರ್ಥಿಗಳು ಮನೆಯಲ್ಲಿಯೇ ಮಾಡಬಹುದು.

ಒಳಗೋಡೆಗೆ ಬಳಸುವ ‘ಸ್ಪ್ಯಾನಿಷ್ ಸೀಡರ್’ ನಿಜವಾಗಿ ಸ್ಪೇನಿನದೂ ಅಲ್ಲ, ದೇವದಾರುವಿನ ಜಾತಿಯದೂ ಅಲ್ಲ. ಅದು ಅಮೆರಿಕದ ಉಷ್ಣವಲಯದ ಮರ, ನಮ್ಮ ಬೇವಿನ ಕುಟುಂಬಕ್ಕೆ ಸೇರಿದ್ದು. ಅದರ ಸುವಾಸನೆ ಸಿಗಾರಿಗೆ ಒಪ್ಪುವುದೆಂದು ಅದನ್ನು ಆರಿಸುತ್ತಾರೆ. ಉಷ್ಣತೆಯನ್ನು 20 ಡಿಗ್ರಿಯ ಸುತ್ತಮುತ್ತ ಇಡುವುದಕ್ಕೂ ಕಾರಣವಿದೆ: ಸೆಖೆ ಹೆಚ್ಚಿದರೆ ಹೊಗೆಸೊಪ್ಪಿನ ದುಂಬಿಯ ಮೊಟ್ಟೆಗಳು ಒಡೆದು, ಮರಿಗಳು ಎಲೆಯನ್ನು ಕೊರೆಯತೊಡಗುತ್ತವೆ.

ಹೀಗೆ ಹದಗೊಂಡ ಪೆಟ್ಟಿಗೆಯ ಮುಚ್ಚಳವನ್ನು ತೆರೆದಾಗ ಒಣಗಾಳಿ ನುಗ್ಗಿದರೂ ಭಯವಿಲ್ಲ. 100 ಗ್ರಾಂ ನೀರನ್ನು ಕೂಡಿಟ್ಟ ಮರಕ್ಕೆ ಕಾಲು ಗ್ರಾಂ ದಾನ ಮಾಡುವುದು ದೊಡ್ಡದಲ್ಲ. ಗಾಳಿಯ ಆರ್ದ್ರತೆಯನ್ನು ಸ್ಥಿರವಾಗಿಡಬೇಕಾದರೆ, ಗಾಳಿಗಿಂತ ಅದರ ಸುತ್ತಲಿನ ಗೋಡೆಯನ್ನೇ ಮೊದಲು ತಣಿಸಬೇಕು.