ಕುರುಬನ ಕೋಲು: ಕ್ರೈಸ್ತ ಗೃಹದಲ್ಲಿ ಮಕ್ಕಳ ಶಿಸ್ತು

ಕನ್ನಡದಲ್ಲಿ ‘ಶಿಕ್ಷೆ’ ಎಂಬ ಮಾತಿಗೆ ವಿಚಿತ್ರವಾದ ಒಂದು ಚರಿತ್ರೆಯುಂಟು. ಸಂಸ್ಕೃತದಲ್ಲಿ ಕಲಿಯುವಿಕೆ, ಕಲಿಸುವಿಕೆ ಎಂಬುದೇ ಅದರ ಮುಖ್ಯಾರ್ಥ. ಆರು ವೇದಾಂಗಗಳಲ್ಲಿ ಉಚ್ಚಾರಣೆಯನ್ನು ಕಲಿಸುವ ಶಾಸ್ತ್ರಕ್ಕೆ ಶಿಕ್ಷಾ ಎಂದೇ ಹೆಸರು. ಶಿಕ್ಷಕ, ಶಿಕ್ಷಣ ಎಂಬ ಪದಗಳಲ್ಲಿ ಆ ಅರ್ಥ ಇನ್ನೂ ಉಳಿದಿದೆ. ಆದರೆ ‘ಶಿಕ್ಷೆ’ ಎಂದು ಒಂಟಿಯಾಗಿ ನುಡಿದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಬೆತ್ತ, ದಂಡ, ಸೆರೆಮನೆ. ಕಲಿಸುವುದೆಂದರೆ ನೋಯಿಸುವುದು ಎಂದು ನಮ್ಮ ಸಮಾಜವು ಬಹುಕಾಲ ನಂಬಿಕೊಂಡು ಬಂದಿತೆಂಬುದಕ್ಕೆ ಈ ಒಂದು ಮಾತೇ ಸಾಕ್ಷಿ. ಮಕ್ಕಳನ್ನು ತಿದ್ದುವ ವಿಷಯದಲ್ಲಿ ಈ ಎರಡು ಅರ್ಥಗಳನ್ನು ಬೇರ್ಪಡಿಸಿ, ಕ್ರೈಸ್ತ ಕುಟುಂಬದ ದೃಷ್ಟಿಯಿಂದ ವಿಚಾರ ಮಾಡುವುದು ಇಂದಿನ ನಮ್ಮ ಉದ್ದೇಶ.

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ಕ್ರೈಸ್ತರು ಸಂಖ್ಯೆಯಲ್ಲಿ ಅಲ್ಪರು. 1886ರಲ್ಲಿ ಏರ್ಪಟ್ಟ ಮೈಸೂರು ಕ್ಯಾಥೊಲಿಕ ಧರ್ಮಪ್ರಾಂತ್ಯಕ್ಕೆ ಈ ಸೀಮೆಯು ಸೇರಿದೆ. ಪ್ರೊಟೆಸ್ಟೆಂಟ್ ಸಭೆಗಳಿಗೆ ಸೇರಿದವರೂ ಇಲ್ಲಿದ್ದಾರೆ. ಇವರ ಮನೆಗಳ ನುಡಿ, ಊಟ, ಗಾದೆಗಳು ನೆರೆಹೊರೆಯವರವೇ. ಮಕ್ಕಳನ್ನು ಬೆಳೆಸುವ ಕ್ರಮವೂ ಬಹುಮಟ್ಟಿಗೆ ಅದೇ. ನೆರೆಯವನು ‘ದಂಡಂ ದಶಗುಣಂ’ ಎಂದು ಹೇಳಿ ಕೈಯೆತ್ತಿದರೆ, ಕ್ರೈಸ್ತ ತಂದೆಯು ಸತ್ಯವೇದದ ಜ್ಞಾನೋಕ್ತಿಗಳನ್ನು ನೆನೆದು ಕೈಯೆತ್ತುತ್ತಾನೆ. ಬೆತ್ತ ಹಿಡಿದ ಕೈಗೆ ಶಾಸ್ತ್ರದ ಬಲ ದೊರೆತ ಮೇಲೆ ಅದನ್ನು ಕೆಳಗಿಳಿಸುವುದು ಸುಲಭವಲ್ಲ. ಆದುದರಿಂದ ಆ ಶಾಸ್ತ್ರವನ್ನೇ ಮೊದಲು ನೋಡೋಣ.

ಬೆತ್ತವನ್ನು ಬಿಟ್ಟರೆ ಮಗು ಕೆಡುವುದೆಂಬ ಭಾವದ ಇಂಗ್ಲಿಷ್ ಗಾದೆಯನ್ನು ಅನೇಕರು ಸತ್ಯವೇದದ ವಾಕ್ಯವೆಂದೇ ತಿಳಿದಿದ್ದಾರೆ. ಆ ರೂಪದಲ್ಲಿ ಅದನ್ನು ಪ್ರಸಿದ್ಧಿಗೆ ತಂದುದು 17ನೆಯ ಶತಮಾನದ ಇಂಗ್ಲಿಷ್ ಕವಿ ಸ್ಯಾಮ್ಯುಯೆಲ್ ಬಟ್ಲರನ ‘ಹ್ಯೂಡಿಬ್ರಾಸ್’ ಎಂಬ ವಿಡಂಬನಕಾವ್ಯ. ಜ್ಞಾನೋಕ್ತಿಗಳ 13ನೆಯ ಅಧ್ಯಾಯದಲ್ಲಿ ಮಗನಿಗೆ ಕೋಲನ್ನು ತೋರದ ತಂದೆಯ ವಿಷಯವಾಗಿ ಕಟುವಾದ ಮಾತೊಂದಿರುವುದು ನಿಜ. ಅಲ್ಲಿ ಕೋಲೆಂಬುದಕ್ಕೆ ಬಳಸಿರುವ ಹೀಬ್ರೂ ಪದ ‘ಶೇವೆಟ್’. ಇದೇ ಪದವು 23ನೆಯ ಕೀರ್ತನೆಯಲ್ಲಿಯೂ ಬಂದಿದೆ. ಕತ್ತಲು ಕವಿದ ಕಣಿವೆಯಲ್ಲಿ ನಡೆಯುವ ಕುರಿಗೆ ಅಲ್ಲಿ ಧೈರ್ಯ ಕೊಡುವುದು ಒಡೆಯನ ಕೈಯಲ್ಲಿರುವ ಆ ಕೋಲೇ.

ಗುಂಡ್ಲುಪೇಟೆಯ ಕಡೆ ಪೈರು ಕೊಯ್ದ ಹೊಲಗಳಲ್ಲಿ ಕುರಿಮಂದೆಯ ಹಿಂದೆ ನಡೆಯುವ ಕುರುಬನನ್ನು ಕಂಡವರಿಗೆ ಇದರ ಅರ್ಥವನ್ನು ವಿವರಿಸಬೇಕಾದುದಿಲ್ಲ. ಅವನ ಕೋಲು ದಾರಿಯನ್ನು ತೋರುತ್ತದೆ, ಪರರ ಪೈರಿಗೆ ನುಗ್ಗುವ ಕುರಿಗೆ ಅಡ್ಡವಾಗುತ್ತದೆ, ಮುಳ್ಳುಕೊಂಬೆಯನ್ನು ಸರಿಸುತ್ತದೆ, ಮಂದೆಗೆ ಬೀಳುವ ನಾಯಿಯನ್ನು ಅಟ್ಟುತ್ತದೆ. ಕುರಿಯ ಕಾಲು ಮುರಿಯುವಂತೆ ಹೊಡೆದ ಕುರುಬನು ಆ ಕುರಿಯನ್ನು ತಾನೇ ಹೊತ್ತು ಮನೆಗೆ ನಡೆಯಬೇಕಾಗುತ್ತದೆ.

ಜ್ಞಾನೋಕ್ತಿಗಳ ಬೇರೆಡೆಗಳಲ್ಲಿ ಹೊಡೆಯುವ ಮಾತು ಸ್ಪಷ್ಟವಾಗಿಯೇ ಇದೆಯಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಇದೆ, ಅದನ್ನು ಮರೆಮಾಡುವುದು ಪ್ರಾಮಾಣಿಕತನವಲ್ಲ. ಆದರೆ ಅದೇ ಗ್ರಂಥವು ಮೂಢರಾದ ಪ್ರಾಯಸ್ಥರ ಬೆನ್ನಿಗೂ ಏಟನ್ನು ವಿಧಿಸುತ್ತದೆ. ಇಂದು ಯಾವ ಸಭೆಯೂ ತನ್ನ ಹಿರಿಯರನ್ನು ಆ ವಿಧಿಗೆ ಗುರಿಪಡಿಸುವುದಿಲ್ಲ. ವಿವೇಕಿಗೆ ಒಂದು ಗದರಿಕೆ ನಾಟುವಷ್ಟು ಮೂಢನಿಗೆ ನೂರು ಪೆಟ್ಟುಗಳೂ ನಾಟವೆಂಬ ಅರ್ಥದ ಮಾತೂ 17ನೆಯ ಅಧ್ಯಾಯದಲ್ಲಿದೆ. ಇಂತಹ ಮಾತುಗಳನ್ನು ಕ್ರೈಸ್ತನು ಕ್ರಿಸ್ತನ ನಡತೆಯ ಬೆಳಕಿನಲ್ಲಿ ಓದತಕ್ಕದ್ದು. ಮಕ್ಕಳನ್ನು ತಡೆದ ಶಿಷ್ಯರ ಮೇಲೆ ಯೇಸುಸ್ವಾಮಿಯು ಕೋಪಗೊಂಡನೆಂದೂ, ಮಕ್ಕಳನ್ನು ಅಪ್ಪಿಕೊಂಡು ಅವರ ಮೇಲೆ ಕೈಯಿಟ್ಟು ಆಶೀರ್ವದಿಸಿದನೆಂದೂ ಮಾರ್ಕನು ಬರೆದಿದ್ದಾನೆ. ಮಕ್ಕಳ ಮೇಲೆ ಅವನು ಇಟ್ಟ ಕೈ ಅಂತಹುದು. ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ಮಕ್ಕಳಿಗೆ ವಿಧೇಯತೆಯನ್ನು ಬೋಧಿಸಿದ ಬೆನ್ನಲ್ಲಿಯೇ, ಮಕ್ಕಳನ್ನು ಕೆಣಕಿ ಕೋಪಕ್ಕೆ ಗುರಿಮಾಡಬೇಡಿರೆಂದು ತಂದೆಗಳಿಗೂ ಅಪ್ಪಣೆಯಾಗಿದೆ. ತಂದೆಗೆ ಮಕ್ಕಳ ಪ್ರಾಣದ ಮೇಲೆಯೂ ಅಧಿಕಾರವನ್ನು ಕೊಟ್ಟಿದ್ದ ರೋಮನ್ ಕಾನೂನಿನ ಕಾಲದಲ್ಲಿ ಈ ಮಾತು ಎಷ್ಟು ಹೊಸದಾಗಿದ್ದಿರಬೇಕೆಂಬುದನ್ನು ಶ್ರೋತೃಗಳೇ ಊಹಿಸಬಹುದು.

ಇನ್ನು ಅನುಭವದ ಕಡೆಗೆ ತಿರುಗೋಣ. ತೆರಕಣಾಂಬಿಯ ಸಂತೆಗೆ ಸಾಮಾನು ತರಲು ಹೋದ ಹುಡುಗನೊಬ್ಬನು ತಾಯಿ ಕೊಟ್ಟ ಹಣವನ್ನು ಕಳೆದುಕೊಂಡನೆನ್ನಿ. ಮನೆಯಲ್ಲಿ ಏಟು ಕಾದಿದೆಯೆಂದು ಬಲ್ಲ ಹುಡುಗನು ದಾರಿಯುದ್ದಕ್ಕೂ ಸುಳ್ಳನ್ನು ಕಟ್ಟುತ್ತ ಬರುತ್ತಾನೆ. ಹಣವನ್ನು ಜೋಪಾನ ಮಾಡುವ ಬಗೆಯನ್ನು ಯೋಚಿಸಲು ಅವನಿಗೆ ಬಿಡುವೆಲ್ಲಿ? ಭಯವು ತಪ್ಪನ್ನು ನಿಲ್ಲಿಸುವುದಕ್ಕಿಂತ ಬೇಗನೆ ಬಾಯನ್ನು ಮುಚ್ಚಿಸುತ್ತದೆ. ಇಂದು ಹತ್ತು ರೂಪಾಯಿಯನ್ನು ಮುಚ್ಚಿಟ್ಟ ಮಗು, ನಾಳೆ ದುಷ್ಟನೊಬ್ಬನು ತನ್ನ ಮೈಮುಟ್ಟಿದಾಗಲೂ ತಂದೆತಾಯಿಗಳಿಗೆ ಹೇಳದೆ ನರಳೀತು. ಮಕ್ಕಳ ಸಹಾಯವಾಣಿಯ 1098 ಎಂಬ ಸಂಖ್ಯೆ ದೇಶದಲ್ಲಿ ಇದೆ. ಆದರೆ ಮಗುವಿನ ಮೊದಲ ಮೊರೆಯು ಮನೆಯಲ್ಲಿಯೇ ಕೇಳಿಬರಬೇಕು. ಈ ಒಂದು ಕಾರಣವೇ ಬೆತ್ತವನ್ನು ಕೆಳಗಿಡಲು ಸಾಕೆಂದು ನಮಗೆ ತೋರುತ್ತದೆ.

ಹಾಗಾದರೆ ಮಕ್ಕಳನ್ನು ಮನಬಂದಂತೆ ಬಿಟ್ಟುಬಿಡಬೇಕೇ? ಖಂಡಿತ ಕೂಡದು. ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಬರುವ ತಂದೆಯನ್ನು ನೋಡಿ. ತಪ್ಪಿಹೋದ ಮಗನು ಇನ್ನೂ ದೂರದಲ್ಲಿರುವಾಗಲೇ ಅವನು ಓಡಿಬಂದು ಅಪ್ಪಿಕೊಳ್ಳುತ್ತಾನೆ. ಮಗನು ಕಲಿತುಬಂದಿದ್ದ ಕ್ಷಮಾಪಣೆಯ ಮಾತು ಮುಗಿಯುವ ಮೊದಲೇ ಉಡುಪನ್ನು ತರಿಸುತ್ತಾನೆ. ಆದರೆ ಹಾಳುಮಾಡಿದ ಆಸ್ತಿಯು ಹಿಂದಕ್ಕೆ ಬರಲಿಲ್ಲ. ಮಿಕ್ಕುದೆಲ್ಲವೂ ಹಿರಿಯ ಮಗನದೆಂದು ತಂದೆಯೇ ನುಡಿಯುತ್ತಾನೆ. ಪ್ರೀತಿಯು ಕರ್ಮದ ಫಲವನ್ನು ಅಳಿಸಲಿಲ್ಲ. ಅದನ್ನು ಹೊರುವವನ ಜೊತೆಗೆ ನಿಂತಿತು.

ಗೃಹಶಿಕ್ಷಣದ ಕ್ರಮವು ಇದರಿಂದ ತಾನಾಗಿಯೇ ಹೊರಡುತ್ತದೆ. ಮೊದಲನೆಯದಾಗಿ, ನಿಯಮಗಳು ಕೆಲವೇ ಇರಲಿ, ಮಗುವಿಗೆ ಮುಂಚಿತವಾಗಿ ತಿಳಿದಿರಲಿ. ಎರಡನೆಯದಾಗಿ, ಫಲವು ತಪ್ಪಿಗೆ ಸಂಬಂಧಿಸಿರಲಿ: ಹಾಲನ್ನು ಚೆಲ್ಲಿದ ಮಗು ನೆಲವನ್ನು ಒರೆಸಲಿ, ಹಣವನ್ನು ಕಳೆದ ಹುಡುಗನು ಮುಂದಿನ ಸಂತೆಗೆ ತಾಯಿಯೊಡನೆ ಹೋಗಿ, ಲೆಕ್ಕವನ್ನು ತಾನೇ ಬರೆಯಲಿ. ಮೂರನೆಯದಾಗಿ, ಕೋಪವು ಇಳಿಯುವವರೆಗೆ ತಂದೆತಾಯಿಗಳು ತೀರ್ಪನ್ನು ತಡೆಯಲಿ. ನಾಲ್ಕನೆಯದಾಗಿ, ತಪ್ಪು ತೀರಿದ ಮೇಲೆ ಅದನ್ನು ನೆಂಟರ ಮುಂದೆ ಮತ್ತೆ ಎತ್ತದಿರಲಿ. ಅವಮಾನವೂ ಒಂದು ಬಗೆಯ ಪೆಟ್ಟೇ.

ಇದು ಈ ಕಾಲದ ಹೊಸ ನಾಜೂಕೆಂದು ಭಾವಿಸಬೇಕಾಗಿಲ್ಲ. 11ನೆಯ ಶತಮಾನದಲ್ಲಿ ಮಠಾಧಿಪತಿಯೊಬ್ಬನು ಸಂತ ಆನ್ಸೆಲ್ಮನ ಬಳಿ, ಮಠದ ಹುಡುಗರನ್ನು ಹಗಲಿರುಳು ಹೊಡೆದರೂ ಅವರು ಕೆಡುತ್ತಲೇ ಇದ್ದಾರೆಂದು ಗೋಳಿಟ್ಟನಂತೆ. ಎಳೆಯ ಗಿಡವನ್ನು ಕೊಂಬೆ ಚಾಚದಂತೆ ಎಲ್ಲ ಕಡೆಯಿಂದಲೂ ಬಿಗಿದರೆ ಅದು ಎಂತಹ ಮರವಾದೀತೆಂದು ಆನ್ಸೆಲ್ಮನು ಕೇಳಿದನೆಂದು ಅವನ ಚರಿತ್ರೆಕಾರ ಈಡ್ಮರನು ಬರೆದಿದ್ದಾನೆ. ಚಾಮರಾಜನಗರದ ಕಡೆಯ ಎಲೆತೋಟದ ರೈತನಿಗೆ ಈ ಪ್ರಶ್ನೆಯ ಉತ್ತರ ತಿಳಿದಿದೆ. ವೀಳ್ಯದ ಬಳ್ಳಿಯನ್ನು ಕಟ್ಟದೆ ಬಿಟ್ಟರೆ ಅದು ನೆಲದಲ್ಲಿ ಹೊರಳುತ್ತದೆ. ಬಿಗಿಯಾಗಿ ಕಟ್ಟಿದರೆ ಕಟ್ಟಿದಲ್ಲಿಯೇ ಕೊಯ್ದುಹೋಗುತ್ತದೆ. ಅವನು ಮೆತ್ತನೆಯ ನಾರಿನಿಂದ ಸಡಿಲವಾಗಿ ಆಸರೆಯ ಮರಕ್ಕೆ ಕಟ್ಟುತ್ತಾನೆ. ಬಳ್ಳಿ ಬೆಳೆದಂತೆಲ್ಲ ಮತ್ತೆ ಬಂದು ಕಟ್ಟುತ್ತಾನೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನು ಬೆತ್ತದ ಪರವಾಗಿ ಹೇಳುವವರು, ಬಗ್ಗಿಸುವುದು ಬೇರೆ, ಮುರಿಯುವುದು ಬೇರೆ ಎಂಬುದನ್ನು ಈ ರೈತನಿಂದ ಕಲಿಯಬೇಕು.

2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ಶಾಲೆಗಳಲ್ಲಿ ದೈಹಿಕ ದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಸ್ವೀಡನ್ ದೇಶವು 1979ರಲ್ಲಿಯೇ ಮನೆಗಳಲ್ಲಿಯೂ ಹೊಡೆತವನ್ನು ನಿಷೇಧಿಸಿತು. ನಮ್ಮಲ್ಲಿ ಆ ಪ್ರಕರಣವು ಮನೆಯ ಹೊಸಲನ್ನು ದಾಟಿಲ್ಲ; ಅಲ್ಲಿ ಮೊದಲು ಕಾವಲಿರಬೇಕಾದುದು ತಂದೆತಾಯಿಗಳ ಮನಸ್ಸಾಕ್ಷಿ. ಎಷ್ಟು ಎಚ್ಚರದಿಂದಿದ್ದರೂ ದಣಿದ ಸಂಜೆಯೊಂದರಲ್ಲಿ ಕೈ ಎದ್ದೀತು, ಮಾತು ಮೀರೀತು. ಅಂದು ರಾತ್ರಿ ಕುಟುಂಬಪ್ರಾರ್ಥನೆಗೆ ಕುಳಿತುಕೊಳ್ಳುವ ಮೊದಲು ತಂದೆಯು ಮಗುವಿನ ಕ್ಷಮೆಯನ್ನು ಕೇಳಲಿ. ಅದರಿಂದ ಅವನ ಗೌರವಕ್ಕೆ ಕುಂದುಬಾರದು. ತಪ್ಪನ್ನು ಒಪ್ಪಿಕೊಳ್ಳುವುದು ಹೇಗೆಂಬುದನ್ನು ಮಗುವು ಅವನಿಂದಲೇ ಕಲಿಯುವುದು.