ವೈದ್ಯರ ಕಡತದಿಂದ ಬೀದಿಯ ಬೈಗುಳಕ್ಕೆ

ಫೇಲಾದ ಮಗನಿಗೆ ಅಪ್ಪನೂ ಸಿಗ್ನಲ್‌ನಲ್ಲಿ ಅಡ್ಡ ನುಗ್ಗಿದ ಬೈಕಿನವನಿಗೆ ಆಟೋದವನೂ ಸಲೀಸಾಗಿ ಎಸೆಯುವ ಮಾತು ‘ಈಡಿಯಟ್’. ಇಂಗ್ಲಿಷ್ ಬಾರದವರ ಬಾಯಲ್ಲೂ ಓಡಾಡುವ ಈ ಬೈಗುಳ ನೂರು ವರ್ಷದ ಹಿಂದೆ ವೈದ್ಯರ ಕಡತದ ಅಧಿಕೃತ ಪದವಾಗಿತ್ತು. ಅದರ ಜೊತೆಗಿದ್ದ ಇನ್ನೆರಡು ಪದಗಳು ‘ಇಂಬೆಸೈಲ್’ ಮತ್ತು ‘ಮೋರಾನ್’. ಮೊದಲಿನೆರಡು ಹಳೆಯವು. ಮೂರನೆಯದನ್ನು ಟಂಕಿಸಿದವನು ಅಮೆರಿಕದ ಮನಶ್ಶಾಸ್ತ್ರಜ್ಞ ಹೆನ್ರಿ ಗೊಡಾರ್ಡ್.

ಫ್ರಾನ್ಸಿನ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೊನ್ 1905ರಲ್ಲಿ ಒಂದು ಬುದ್ಧಿ ಪರೀಕ್ಷೆ ರೂಪಿಸಿದರು. ಶಾಲೆಯಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಿ ಅವರಿಗೆ ವಿಶೇಷ ಪಾಠ ಹೇಳಿಕೊಡುವುದು ಅದರ ಉದ್ದೇಶ. ಬುದ್ಧಿ ಹುಟ್ಟಿನಿಂದ ಸಾವಿನವರೆಗೆ ಹೆಚ್ಚು ಕಡಿಮೆಯಾಗದ ವಸ್ತು ಎಂದು ಬಿನೆ ನಂಬಿರಲಿಲ್ಲ. ಆ ಪರೀಕ್ಷೆ ಅಟ್ಲಾಂಟಿಕ್ ದಾಟಿ ಗೊಡಾರ್ಡ್ ಕೈಸೇರಿದಾಗ ಅಕ್ಕಿಯಿಂದ ಜೊಳ್ಳು ಕೇರಿ ಎಸೆಯುವ ಮೊರವಾಯಿತು. 1910ರಲ್ಲಿ ಅವನು ವಯಸ್ಕರನ್ನು ‘ಮಾನಸಿಕ ವಯಸ್ಸಿ’ನಂತೆ ವಿಂಗಡಿಸಿದ. ಮೂರಕ್ಕಿಂತ ಕಡಿಮೆಯಿದ್ದರೆ ಈಡಿಯಟ್, ಮೂರರಿಂದ ಏಳಾದರೆ ಇಂಬೆಸೈಲ್, ಎಂಟರಿಂದ ಹನ್ನೆರಡಾದರೆ ಮೋರಾನ್. ಗ್ರೀಕಿನಲ್ಲಿ ‘ಮೋರೋಸ್’ ಎಂದರೆ ದಡ್ಡ. ಗೊಡಾರ್ಡ್‌ಗೆ ಹೆಚ್ಚು ಭಯವಿದ್ದದ್ದು ಈ ಮೂರನೆಯ ಗುಂಪಿನ ಬಗ್ಗೆಯೇ. ಅವರು ನೋಡಲು ಎಲ್ಲರಂತೆಯೇ ಇರುತ್ತಾರೆ, ಮದುವೆಯಾಗಿ ಮಕ್ಕಳನ್ನು ಹೆರುತ್ತಾರೆ ಎಂಬುದು ಅವನ ಆತಂಕ.

1913ರಲ್ಲಿ ಅವನ ಸಹಾಯಕರು ನ್ಯೂಯಾರ್ಕ್ ಬಂದರಿನ ಎಲಿಸ್ ದ್ವೀಪದಲ್ಲಿ ವಲಸೆಗಾರರನ್ನು ಪರೀಕ್ಷಿಸಿದರು. ಹಡಗಿನ ಅಗ್ಗದ ದರ್ಜೆಯಲ್ಲಿ ಬಂದು ಆಗಷ್ಟೇ ನೆಲಕ್ಕೆ ಕಾಲಿಟ್ಟ ಬಡವರು ಅವರು. ಪರೀಕ್ಷೆಗೆ ಸಿಕ್ಕವರು ಇನ್ನೂರಕ್ಕೂ ಕಡಿಮೆ. ಅಷ್ಟರಿಂದಲೇ ಯಹೂದಿ, ಇಟಾಲಿಯನ್, ಹಂಗೇರಿಯನ್, ರಷ್ಯನ್ ಗುಂಪುಗಳಲ್ಲಿ ಹೆಚ್ಚುಕಡಿಮೆ ಐವರಲ್ಲಿ ನಾಲ್ವರು ಮಂದಬುದ್ಧಿಯವರು ಎಂಬ ಫಲಿತಾಂಶ ಹೊರಬಂತು. ಇಂಥ ಅಂಕಿಗಳನ್ನು ವಿಜ್ಞಾನ ಎಂದು ಕರೆದದ್ದೇ ದೊಡ್ಡ ಅನ್ಯಾಯ.

ಅದಕ್ಕಿಂತ ಘೋರವಾದದ್ದು ವರ್ಜೀನಿಯಾದ ಕ್ಯಾರಿ ಬಕ್ ಎಂಬ ಯುವತಿಯ ಕಥೆ. ಸಾಕುಮನೆಯವರ ಬಂಧುವೊಬ್ಬನ ಅತ್ಯಾಚಾರದಿಂದ ಗರ್ಭಿಣಿಯಾದ ಅವಳನ್ನು ಮಂದಬುದ್ಧಿಯವಳೆಂದು ಸರ್ಕಾರಿ ಆಶ್ರಮಕ್ಕೆ ದೂಡಲಾಯಿತು. ಅವಳ ತಾಯಿ ಆಗಲೇ ಅಲ್ಲಿದ್ದಳು. ಹುಟ್ಟಿದ ಹೆಣ್ಣುಮಗು ವಿವಿಯನ್‌ಗೆ ಇನ್ನೂ ವರ್ಷ ತುಂಬುವ ಮೊದಲೇ ‘ಇದೂ ಸರಿಯಿಲ್ಲ’ ಎಂಬ ಸಾಕ್ಷ್ಯ ದಾಖಲಾಯಿತು. ಮೂರು ತಲೆಮಾರಿನ ಇಂಬೆಸೈಲ್‌ಗಳು ಸಾಕು ಎನ್ನುತ್ತ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್ 1927ರಲ್ಲಿ, ಇಂಥವರ ಸಂತಾನಶಕ್ತಿ ಕಸಿಯುವ ರಾಜ್ಯದ ಕಾನೂನನ್ನು ಎತ್ತಿಹಿಡಿದು ತೀರ್ಪು ಬರೆದರು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಎಂಟು ಮಂದಿ ಒಂದೇ ಕಡೆ. ಕ್ಯಾರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದರು. ವಿವಿಯನ್ ಮುಂದೆ ಶಾಲೆ ಸೇರಿ ಜಾಣ ಮಕ್ಕಳ ಪಟ್ಟಿಯಲ್ಲಿ ಹೆಸರು ಪಡೆದು, ಎಂಟನೆಯ ವಯಸ್ಸಿನಲ್ಲಿ ಕಾಯಿಲೆಯಿಂದ ತೀರಿಕೊಂಡಳು. ಇಂಥ ಕಾನೂನುಗಳ ಅಡಿ ಅಮೆರಿಕದಲ್ಲಿ 60,000ಕ್ಕೂ ಹೆಚ್ಚು ಜನರ ಸಂತಾನಶಕ್ತಿಯನ್ನು ಕಸಿಯಲಾಯಿತು.

ಇಂದು ಡೌನ್ ಸಿಂಡ್ರೋಮ್ ಎನ್ನುವ ಸ್ಥಿತಿಗೆ ಹಿಂದೆ ಇದ್ದ ಹೆಸರು ‘ಮಂಗೋಲಿಸಂ’ ಕೂಡ ಆಸ್ಪತ್ರೆಯಲ್ಲೇ ಹುಟ್ಟಿದ ಪದ. ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ 1866ರಲ್ಲಿ ತನ್ನ ರೋಗಿಗಳನ್ನು ಜನಾಂಗಗಳ ಹೆಸರಿನಲ್ಲಿ ವಿಂಗಡಿಸಿದ್ದ. 21ನೆಯ ವರ್ಣತಂತು ಎರಡರ ಬದಲು ಮೂರಿರುವುದೇ ಈ ಸ್ಥಿತಿಗೆ ಕಾರಣವೆಂದು 1959ರಲ್ಲಿ ಗೊತ್ತಾದ ಮೇಲೆ ಜನಾಂಗದ ಹೆಸರಿಗೆ ಯಾವ ಆಧಾರವೂ ಉಳಿಯಲಿಲ್ಲ. 1965ರಲ್ಲಿ ಮಂಗೋಲಿಯಾದ ಪ್ರತಿನಿಧಿಗಳು ಕೇಳಿಕೊಂಡಾಗ ವಿಶ್ವ ಆರೋಗ್ಯ ಸಂಸ್ಥೆ ಆ ಪದವನ್ನು ಕೈಬಿಟ್ಟಿತು.

ಹೆಸರು ಬದಲಿಸಿದರೆ ಏನು ಬಂತು ಎಂದು ಕೇಳುವವರ ಕೈಯಲ್ಲೂ ಪುರಾವೆಯಿದೆ. ಬೆಂಗಳೂರಿನ ‘ಲೂನಟಿಕ್ ಅಸೈಲಂ’ ಇಂದಿನ ನಿಮ್ಹಾನ್ಸ್‌ನ ಪೂರ್ವಜ. ಹುಚ್ಚಾಸ್ಪತ್ರೆಯೆಂಬ ಕಳಂಕ ತಪ್ಪಲೆಂದು 1925ರಲ್ಲಿ ಅದನ್ನು ‘ಮೆಂಟಲ್ ಹಾಸ್ಪಿಟಲ್’ ಎಂದು ಕರೆದರು. ಈಗ ‘ಅವನೊಬ್ಬ ಮೆಂಟಲ್’ ಎಂಬುದೇ ಬೈಗುಳ. ಹೊಸ ಪದಕ್ಕೂ ಹಳೆಯ ಮೈಲಿಗೆ ಹೀಗೆ ಅಂಟಿಕೊಳ್ಳುವುದನ್ನು ಭಾಷಾವಿಜ್ಞಾನಿಗಳು ಬಹುಕಾಲದಿಂದ ಗಮನಿಸಿದ್ದಾರೆ.

ಆದರೂ ಕಾನೂನಿನ ಪುಟದಲ್ಲಿ ಯಾವ ಪದವಿದೆ ಎಂಬುದು ಸಣ್ಣ ಸಂಗತಿಯಲ್ಲ. ಕ್ಯಾರಿ ಬಕ್‌ಳ ಬದುಕನ್ನು ಮುರಿದದ್ದು ಬೀದಿಯ ಬೈಗುಳವಲ್ಲ, ಕಡತದಲ್ಲಿದ್ದ ಪದ. ಭಾರತದ 1995ರ ಅಂಗವಿಕಲರ ಕಾಯ್ದೆಯಲ್ಲಿ ‘ಮೆಂಟಲ್ ರಿಟಾರ್ಡೇಶನ್’ ಎಂದಿತ್ತು. 2016ರ ಕಾಯ್ದೆ ಅದನ್ನು ತೆಗೆದು ‘ಬೌದ್ಧಿಕ ಅಂಗವೈಕಲ್ಯ’ ಎಂಬ ಅರ್ಥದ ಪದ ಬಳಸಿತು. ಅದೇ ಕಾಯ್ದೆಯ 92ನೆಯ ಸೆಕ್ಷನ್ ಪ್ರಕಾರ, ಅಂಗವಿಕಲ ವ್ಯಕ್ತಿಯನ್ನು ಹತ್ತು ಜನರ ಕಣ್ಣೆದುರು ಬೇಕೆಂದೇ ಅವಮಾನಿಸುವುದು ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ.