ಏಳು ತಂತಿಯ ಹಿಂದಿನ ಗುರುಕುಲ: ಪಿಟೀಲು ಚೌಡಯ್ಯನವರ ಶಿಕ್ಷಣ ಮತ್ತು ಆರಂಭದ ವೃತ್ತಿಜೀವನ

ಪಿಟೀಲು ದಕ್ಷಿಣ ಭಾರತಕ್ಕೆ ಯುರೋಪಿನಿಂದ ಬಂದ ವಾದ್ಯ. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಲುಸ್ವಾಮಿ ದೀಕ್ಷಿತರಂಥವರು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಅದರ ಕುಟುಂಬದ ಮಂದ್ರಧ್ವನಿಯ ವಾದ್ಯಗಳಾದ ವಯೋಲ, ಚೆಲ್ಲೊಗಳು ಮಾತ್ರ ನಮ್ಮ ಕಛೇರಿಗಳಲ್ಲಿ ನೆಲೆಯೂರಲಿಲ್ಲ. ಹೀಗಾಗಿ ನಾದದ ತುಂಬುತನವನ್ನು ಪಿಟೀಲಿನ ನಾಲ್ಕು ತಂತಿಗಳಲ್ಲಿಯೇ ಕಂಡುಕೊಳ್ಳಬೇಕಾಗಿತ್ತು. ಈ ಕೊರತೆಯನ್ನು ತುಂಬಲು ಯತ್ನಿಸಿದವರಲ್ಲಿ ಮೈಸೂರಿನ ಟಿ. ಚೌಡಯ್ಯನವರು ಪ್ರಮುಖರು. ಅವರ ಆವಿಷ್ಕಾರದ ಬೇರುಗಳು ಅವರು ಪಡೆದ ಶಿಕ್ಷಣದಲ್ಲಿಯೇ ಇವೆ.

ಚೌಡಯ್ಯನವರು 1895ರಲ್ಲಿ ತಿರುಮಕೂಡಲು ನರಸೀಪುರದಲ್ಲಿ ಜನಿಸಿದರು. ಕಾವೇರಿ ಮತ್ತು ಕಪಿಲೆಯರ ಸಂಗಮವಾದ ಈ ಕ್ಷೇತ್ರದ ನೆನಪು ‘ತ್ರಿಮಕುಟ’ ಎಂಬ ಅವರ ಕೃತಿಗಳ ಅಂಕಿತದಲ್ಲಿ ಉಳಿದಿದೆ. 1910ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಅವರು ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. 1918ರವರೆಗೆ ಈ ಕಠಿಣ ಶಿಕ್ಷಣ ಮುಂದುವರಿಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಗುರುಗಳು ಮೂಲತಃ ಗಾಯಕರು. ಕರಾವಳಿಯ ನಂದಳಿಕೆಯಲ್ಲಿ ಜನಿಸಿದ ಕೃಷ್ಣಪ್ಪನವರ ಮನೆತನಕ್ಕೆ ಯಕ್ಷಗಾನದ ನಂಟಿತ್ತು. ಕನ್ನಡ ದೇವರನಾಮಗಳಿಗೆ ಕಛೇರಿಯ ವೇದಿಕೆಯಲ್ಲಿ ಗೌರವದ ಸ್ಥಾನ ದೊರಕಿಸಿದವರಲ್ಲಿ ಅವರು ಅಗ್ರಗಣ್ಯರು. ಸಾಹಿತ್ಯ ಸ್ಪಷ್ಟವಾಗಿ ಕೇಳಬೇಕು, ಭಾವ ಶ್ರೋತೃವಿಗೆ ಮುಟ್ಟಬೇಕು ಎಂಬುದು ಅಂಥ ಗಾಯನದ ಮೂಲಧರ್ಮ. ಇಂಥ ಗಾಯಕನ ಬಳಿ ಕಲಿಯುವ ವಾದ್ಯಗಾರನಿಗೆ ಕಂಠವೇ ಪಠ್ಯ. ಗುರು ಹಾಡಿದ್ದನ್ನು ಕಿವಿಯಲ್ಲಿ ಹಿಡಿದು ಕಮಾನಿನಲ್ಲಿ ನುಡಿಸಬೇಕು. ಗಮಕದ ತೂಗು, ಪದದ ಒಡೆತ, ಉಸಿರಿನ ನಿಲುಗಡೆ ಇವು ಬರಹದಲ್ಲಿ ಪೂರ್ಣವಾಗಿ ಹಿಡಿಸುವಂಥವಲ್ಲ. ಜನಪದ ಗಾಯಕರ ಮೇಳಗಳಲ್ಲಿ ಹಿಮ್ಮೇಳದವನು ಮುಮ್ಮೇಳವನ್ನು ಅನುಸರಿಸುತ್ತಲೇ ಕಲಿಯುವ ಮೌಖಿಕ ಕ್ರಮಕ್ಕೂ ಈ ಗುರುಕುಲ ಪದ್ಧತಿಗೂ ಇರುವ ಸಾಮ್ಯ ಸ್ಪಷ್ಟವಾಗಿದೆ.

ಚೌಡಯ್ಯನವರ ವೃತ್ತಿಜೀವನ ಬೆಳೆದದ್ದು ಪಕ್ಕವಾದ್ಯಗಾರರಾಗಿ. ಧ್ವನಿವರ್ಧಕಗಳು ಬಳಕೆಗೆ ಬಾರದಿದ್ದ ಆ ಕಾಲದಲ್ಲಿ ಹಿಂದಿನ ಸಾಲಿನ ಶ್ರೋತೃಗಳಿಗೆ ಪಿಟೀಲಿನ ನಾದ ಸರಿಯಾಗಿ ತಲುಪುತ್ತಿರಲಿಲ್ಲ. ಈ ಸಮಸ್ಯೆಗೆ ಪರಿಹಾರವಾಗಿ 1927ರ ಸುಮಾರಿಗೆ ಅವರು ನಾಲ್ಕು ತಂತಿಗಳಿಗೆ ಮತ್ತೆ ಮೂರನ್ನು ಜೋಡಿಸಿದರು. ಜೋಡಿ ತಂತಿಗಳು ಒಂದಾಗಿ ನುಡಿದಾಗ ನಾದಕ್ಕೆ ಗಾತ್ರವೂ ಗಾಂಭೀರ್ಯವೂ ಒದಗಿದವು. ಆದರೆ ಇದಕ್ಕೆ ಬೆಲೆಯೂ ಇತ್ತು. ಒಂದೇ ಬೆರಳಿನಿಂದ ಎರಡು ತಂತಿಗಳನ್ನು ಏಕಕಾಲಕ್ಕೆ ಒತ್ತಬೇಕು. ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಜೋಡಿನಾದ ಕರ್ಕಶವಾಗುತ್ತದೆ. ಕಿವಿಯನ್ನು ವರ್ಷಗಟ್ಟಲೆ ಪಳಗಿಸದವರಿಗೆ ಈ ವಾದ್ಯ ದಕ್ಕುವಂಥದ್ದಲ್ಲ.

ಮುಂದೆ ಚೆಂಬೈ ವೈದ್ಯನಾಥ ಭಾಗವತರೇ ಮೊದಲಾದ ಮಹಾಗಾಯಕರಿಗೆ ಚೌಡಯ್ಯನವರು ಪಕ್ಕವಾದ್ಯ ನುಡಿಸಿದರು. 1957ರಲ್ಲಿ ಮದ್ರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಗೌರವಕ್ಕೆ ಪಾತ್ರರಾದರು. ಏಳು ತಂತಿಯ ವಾದನವನ್ನು ಕಂಡದೇವಿ ಅಳಗಿರಿಸ್ವಾಮಿಯವರಂಥ ಶಿಷ್ಯರು ಮುಂದುವರಿಸಿದರಾದರೂ, ಧ್ವನಿವರ್ಧಕ ಬಂದ ಮೇಲೆ ಕಛೇರಿಗಳಲ್ಲಿ ನಾಲ್ಕು ತಂತಿಯ ಪಿಟೀಲೇ ಉಳಿಯಿತು. ವಾದ್ಯ ವ್ಯಾಪಕವಾಗಲಿಲ್ಲವೆಂಬ ಕಾರಣಕ್ಕೆ ಈ ಪ್ರಯೋಗವನ್ನು ವಿಫಲವೆನ್ನಲಾಗದು. ಪರಂಪರೆಯ ಕಟ್ಟುನಿಟ್ಟಿನಲ್ಲಿ ಬೆಳೆದವನೇ ಪರಂಪರೆಯನ್ನು ವಿಸ್ತರಿಸಬಲ್ಲನೆಂಬುದಕ್ಕೆ ಅದು ನಿದರ್ಶನ. ಆ ವಿಸ್ತರಣೆಗೆ ಪ್ರೇರಣೆಯಾದದ್ದು ಕೊನೆಯ ಸಾಲಿನಲ್ಲಿ ಕುಳಿತ ಸಾಮಾನ್ಯ ಶ್ರೋತೃವೆಂಬುದು ಮರೆಯಬಾರದ ಅಂಶ.